ಎಲೆಯ ಬೆನ್ನು ತಿರುಗಿಸಿ ನೋಡಿ

ಮಕ್ಕಳೇ, ನಮ್ಮ ಮನೆಯ ಬಾವಿಕಟ್ಟೆಯ ಪಕ್ಕದಲ್ಲಿ ಒಂದು ದೇವಕಣಗಿಲೆ ಮರವಿದೆ. ನಿಮ್ಮೂರಲ್ಲಿ ಇದಕ್ಕೆ ಗೋಸಂಪಿಗೆ ಅನ್ನುತ್ತಿರಬಹುದು, ಹಾಲುಸಂಪಿಗೆ ಅನ್ನುತ್ತಿರಬಹುದು. ಕಾಡುಸಂಪಿಗೆ ಎನ್ನುವವರೂ ಇದ್ದಾರೆ. ಹೆಸರು ಯಾವುದೇ ಇರಲಿ, ಒಮ್ಮೆ ನೋಡಿದರೆ ಮತ್ತೆ ಮರೆಯುವ ಮರವಲ್ಲ. ಬೂದುಬಣ್ಣದ ದಪ್ಪ ದಪ್ಪ ಕೊಂಬೆಗಳು. ಕೊಂಬೆಯ ತುದಿಯಲ್ಲಿ ಮಾತ್ರ ಕೊಡೆ ಬಿಚ್ಚಿದ ಹಾಗೆ ಉದ್ದನೆಯ ಎಲೆಗಳು. ಅವುಗಳ ನಡುವೆ ಐದೆಸಳಿನ ಹೂಗಳ ಗೊಂಚಲು. ಎಸಳು ಹೊರಗೆ ಬಿಳಿ, ಒಳಗೆ ಹೋದಂತೆ ಅರಿಶಿನ. ಒಂದೆಸಳು ಇನ್ನೊಂದರ ಮೇಲೆ ಹೆಗಲು ಚಾಚಿ ಕೂತಿರುವುದರಿಂದ ಹೂವು ಅರ್ಧ ತಿರುಗಿ ನಿಂತ ಗಿರಗಿಟ್ಲೆಯ ಹಾಗೆ ಕಾಣುತ್ತದೆ. ನಾವು ಚಿಕ್ಕವರಿದ್ದಾಗ ಬಿದ್ದ ಹೂವಿಗೆ ತೆಂಗಿನಗರಿಯ ಕಡ್ಡಿ ಚುಚ್ಚಿಕೊಂಡು ಗಾಳಿಗೆ ಎದುರಾಗಿ ಓಡುತ್ತಿದ್ದೆವು.

ಎರಡು ವರ್ಷದ ಹಿಂದೆ ಏಪ್ರಿಲ್ ತಿಂಗಳಲ್ಲಿ ನನ್ನ ತಂಗಿಯ ಮಗಳು ಬೇಸಿಗೆ ರಜೆಗೆ ಬಂದಿದ್ದಳು. ಐದನೇ ಕ್ಲಾಸು ಮುಗಿಸಿದ ಹುಡುಗಿ. ನಾವೆಲ್ಲ ಅವಳನ್ನು ಪುಟ್ಟಿ ಅನ್ನುತ್ತೇವೆ, ಇಲ್ಲಿಯೂ ಹಾಗೇ ಇರಲಿ. ಬಂದ ಮರುದಿನ ಬೆಳಗ್ಗೆ ಪೂಜೆಗೆ ಹೂ ಆಯಲು ಹೋದವಳು ಅಲ್ಲಿಂದಲೇ ಕೂಗಿದಳು.

“ದೊಡ್ಡಮ್ಮಾ, ಬಾ ಇಲ್ಲಿ! ಮರಕ್ಕೆ ಯಾರೋ ಅಕ್ಕಿಹಿಟ್ಟು ಚೆಲ್ಲಿದ್ದಾರೆ!”

ಹೋಗಿ ನೋಡಿದೆ. ಹೊಸದಾಗಿ ಚಿಗುರಿದ ಎಲೆಗಳು ಮುದುರಿಕೊಂಡಿದ್ದವು. ಮೊಗ್ಗಿನ ತೊಟ್ಟುಗಳ ಸಂದಿಯಲ್ಲಿ ಬೆಳ್ಳಗೆ ಹಿಟ್ಟು ಮೆತ್ತಿದ ಹಾಗಿತ್ತು. ಕೆಳಗಿನ ಎಲೆಗಳ ಮೇಲೆ ಜೇನು ತೊಟ್ಟಿಕ್ಕಿದಂತೆ ಅಂಟು ಅಂಟು. ಕೆಲವೆಡೆ ಆ ಅಂಟಿನ ಮೇಲೆ ಕಾಡಿಗೆ ಬಳಿದಂತೆ ಕಪ್ಪು. ಕಾಂಡದ ಮೇಲೆ ಇರುವೆಗಳ ಸಾಲು ಹತ್ತುತ್ತಲೂ ಇತ್ತು, ಇಳಿಯುತ್ತಲೂ ಇತ್ತು.

“ಔಷಧಿ ಹೊಡೀಬೇಕಲ್ವಾ?” ಎಂದಳು ಪುಟ್ಟಿ. ಅವಳಪ್ಪ ಟೊಮೇಟೊ ಬೆಳೆಯುವವರು. ಗಿಡಕ್ಕೆ ಏನಾದರೂ ಆದರೆ ಮೊದಲು ಪಂಪು ಬೆನ್ನಿಗೇರುವುದನ್ನು ಅವಳು ನೋಡಿದ್ದಾಳೆ.

“ಹೊಡೆಯೋಣವೋ ಬೇಡವೋ ಆಮೇಲೆ ನೋಡೋಣ. ಮೊದಲು ಎಲೆಯ ಬೆನ್ನು ತಿರುಗಿಸು” ಎಂದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಮರದ ಎಲೆಯನ್ನಾಗಲಿ ತೊಟ್ಟನ್ನಾಗಲಿ ಮುರಿದರೆ ಬೆಳ್ಳನೆಯ ಹಾಲು ಚಿಮ್ಮುತ್ತದೆ. ಅದು ಚರ್ಮಕ್ಕೆ ತಾಗಿದರೆ ಕೆಲವರಿಗೆ ಉರಿ, ತುರಿಕೆ. ಕಣ್ಣಿಗಂತೂ ತಾಗಲೇಬಾರದು, ಬಾಯಿಗೂ ಬೇಡ. ಕೈಗೆ ತಾಗಿದರೆ ಸೋಪು ಹಚ್ಚಿ ತೊಳೆಯಿರಿ. ಕತ್ತರಿಸುವ ಕೆಲಸವೆಲ್ಲ ದೊಡ್ಡವರದು, ನೋಡುವ ಕೆಲಸ ನಿಮ್ಮದು. ನೋಡುವುದೇ ಹೆಚ್ಚಿನ ಕೆಲಸ, ಬೇಕಿದ್ದರೆ ಮುಂದೆ ಓದಿ.

ಈ ಹಾಲು ಮರಕ್ಕೆ ಕಾವಲು. ಗಾಯವಾದ ಕಡೆ ಹರಿದು, ಒಣಗಿ, ಮುಚ್ಚಳದಂತೆ ಕೂರುತ್ತದೆ. ಎಲೆ ಕಚ್ಚಿದ ಹುಳುವಿನ ಬಾಯಿಗೆ ಅಂಟಿಕೊಳ್ಳುತ್ತದೆ. ದೇವಕಣಗಿಲೆಯ ನೆಂಟರೆಲ್ಲ ಹೀಗೆ ಹಾಲಿನವರೇ: ಕಣಗಿಲೆ, ನಂದಿಬಟ್ಟಲು, ಎಕ್ಕ, ನಿತ್ಯಪುಷ್ಪ. ತುಳುನಾಡಿನವರು ಆಟಿ ಅಮಾವಾಸ್ಯೆಯ ದಿನ ತೊಗಟೆಯ ಕಷಾಯ ಕುಡಿಯುವ ಹಾಲೆಮರವೂ ಇದೇ ಬಳಗದ್ದು. ಹಾಗಾಗಿ ಬೀದಿಯ ದನ ಆಡುಗಳು ಹೀರೆಬಳ್ಳಿ, ದಾಸವಾಳ ಎಲ್ಲ ಮೇಯ್ದುಬಿಟ್ಟರೂ ಈ ಮರದ ಕಡೆ ಮೂಗು ಚಾಚಿ ಹಾಗೇ ಹಿಂದೆ ಸರಿಯುತ್ತವೆ.

ಹಾಗಾದರೆ ಇಷ್ಟು ಕಾವಲಿರುವ ಮರಕ್ಕೆ ಆ ಬಿಳಿ ಹಿಟ್ಟು ಹೇಗೆ ಮೆತ್ತಿಕೊಂಡಿತು?

ನನ್ನ ಮೇಜಿನ ಮೇಲಿದ್ದ ಭೂತಕನ್ನಡಿ ತಂದು ಪುಟ್ಟಿಯ ಕೈಗೆ ಕೊಟ್ಟೆ. ಅವಳು ಒಂದು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, “ದೊಡ್ಡಮ್ಮಾ, ಹಿಟ್ಟಿಗೆ ಕಾಲಿದೆ” ಎಂದಳು.

ಅದು ಹಿಟ್ಟು ತಿಗಣೆ. ಮೈಮೇಲೆ ಮೇಣದ ಬಿಳಿ ಪುಡಿ ಹೊದ್ದುಕೊಂಡ, ಎರಡು ಮಿಲಿಮೀಟರು ಉದ್ದದ, ಹಳದಿ ಮೈಯ ಕೀಟ. ಇದು ಎಲೆಯನ್ನು ಅಗಿಯುವುದಿಲ್ಲ. ಕೂದಲಿಗಿಂತ ತೆಳುವಾದ ಸೂಜಿಯಂಥ ಬಾಯನ್ನು ಎಲೆಯೊಳಗೆ ಇಳಿಸುತ್ತದೆ, ಹಾಲಿನ ಕೊಳವೆಗಳನ್ನು ತಪ್ಪಿಸಿಕೊಂಡು, ಸಕ್ಕರೆಯ ರಸ ಹರಿಯುವ ನಾಳವನ್ನೇ ಹುಡುಕಿ ಚುಚ್ಚುತ್ತದೆ. ಕಾವಲುಗಾರನಿಗೆ ಸದ್ದೇ ಕೇಳಿಸುವುದಿಲ್ಲ. ಹೆಣ್ಣು ತಿಗಣೆ ಹತ್ತಿಯಂಥ ಚೀಲ ಮಾಡಿ ಅದರೊಳಗೆ ನೂರಾರು ಮೊಟ್ಟೆ ಇಡುತ್ತದೆ. ಅದಕ್ಕೆ ರೆಕ್ಕೆಯಿಲ್ಲ. ಮರಿಗಳು ಮಾತ್ರ ಧೂಳಿನ ಕಣದಂತೆ ಹಗುರ, ಗಾಳಿ ಬೀಸಿದರೆ ಪಕ್ಕದ ಗಿಡಕ್ಕೆ, ನಮ್ಮ ಬಟ್ಟೆಗೆ ತಾಗಿದರೆ ಪಕ್ಕದ ಬೀದಿಗೆ.

ಸಿಹಿರಸ ಹೀರುವ ಈ ತಿಗಣೆಗೆ ಅಷ್ಟೂ ಸಕ್ಕರೆ ಬೇಡ. ಹೆಚ್ಚಾದದ್ದನ್ನು ಹಿಂದಿನಿಂದ ಹನಿಹನಿಯಾಗಿ ಹೊರಹಾಕುತ್ತದೆ. ಕೆಳಗಿನ ಎಲೆಗಳ ಮೇಲೆ ನಾವು ನೋಡಿದ ಅಂಟು ಅದೇ. ಅದರ ಮೇಲೆ ಬೆಳೆಯುವ ಬೂಷ್ಟು ಆ ಕಪ್ಪು ಕಾಡಿಗೆ. ಇರುವೆಗಳು ಬರುವುದೂ ಆ ಸಿಹಿಗೇ. ಬರಿಗೈಯಲ್ಲಿ ಬಂದು ತಿಂದು ಹೋಗುವ ಅತಿಥಿಗಳಲ್ಲ ಅವು. ತಿಗಣೆಗಳನ್ನು ದನ ಕಾಯುವಂತೆ ಕಾಯುತ್ತವೆ, ತಿನ್ನಲು ಬಂದ ಹುಳುಗಳನ್ನು ಕಚ್ಚಿ ಓಡಿಸುತ್ತವೆ.

ಪುಟ್ಟಿ ಇರುವೆಯ ಸಾಲನ್ನೇ ನೋಡುತ್ತಾ, “ಹಾಗಾದ್ರೆ ಮರಕ್ಕೆ ಇರುವೆ ಹತ್ತುತ್ತಿದೆ ಅಂದ್ರೆ ಮೇಲೆ ಏನೋ ಇದೆ ಅಂತ ಅರ್ಥ” ಎಂದಳು. ತೋಟ ಮಾಡುವವರೆಲ್ಲ ಮೊದಲು ಕಲಿಯಬೇಕಾದ ಪಾಠ ಅದು. ಅವಳು ನಾನು ಹೇಳುವ ಮೊದಲೇ ಕಂಡುಕೊಂಡಳು, ನನಗೆ ತುಂಬ ಸಂತೋಷವಾಯಿತು.

ಈಗ ಒಂದು ದೂರದ ಕಥೆ.

ದೇವಸ್ಥಾನದ ಅಂಗಳದಲ್ಲಿ, ಬಸದಿಯ ಬಾಗಿಲಲ್ಲಿ, ವಿಹಾರಗಳ ಮುಂದೆ ನೋಡಿ ನೋಡಿ ದೇವಕಣಗಿಲೆ ನಮ್ಮದೇ ಮರ ಎಂದುಕೊಂಡಿದ್ದೇವೆ. ಆದರೆ ಅದರ ತವರು ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು. ಮೆಕ್ಸಿಕೊದ ಹಳೆಯ ನಾವಾಟಲ್ ಭಾಷೆಯಲ್ಲಿ ಇದರ ಹೆಸರು ಕಕಾಲೋಶೋಚಿಟ್ಲ್. ಹಾಗೆಂದರೆ ಕಾಗೆ ಹೂ! ಇವತ್ತಿಗೂ ಅಲ್ಲಿಯ ನಿಕರಾಗುವ ದೇಶಕ್ಕೆ ಇದು ರಾಷ್ಟ್ರೀಯ ಹೂವು. ಇತ್ತ ಏಷ್ಯಾದ ಲಾವೋಸ್ ದೇಶವೂ ಇದನ್ನೇ ತನ್ನ ರಾಷ್ಟ್ರೀಯ ಹೂವು ಮಾಡಿಕೊಂಡಿದೆ. ಅಲ್ಲಿ ಅದರ ಹೆಸರು ಡಾಕ್ ಚಂಪಾ. ಚಂಪಾ ಎಂದರೆ ನಮ್ಮ ಚಂಪಕ, ನಮ್ಮ ಸಂಪಿಗೆ. ಹೂವು ಆ ಕಡೆಯದು, ಹೆಸರು ಈ ಕಡೆಯದು. ಪ್ಲುಮೇರಿಯ ಎಂಬ ವಿಜ್ಞಾನದ ಹೆಸರು ಬಂದದ್ದು ಷಾರ್ಲ್ ಪ್ಲುಮಿಯೆ ಎಂಬ ಫ್ರಾನ್ಸಿನ ಸನ್ಯಾಸಿಯಿಂದ. ಮೂರು ಸಲ ಸಮುದ್ರ ದಾಟಿ ಕೆರಿಬಿಯನ್ ದ್ವೀಪಗಳ ಗಿಡಗಳನ್ನು ಚಿತ್ರಿಸಿ ತಂದವರು ಅವರು. ನಾಲ್ಕನೇ ಯಾನಕ್ಕೆ ಹೊರಡುವ ಮೊದಲೇ, 1704ರಲ್ಲಿ ತೀರಿಕೊಂಡರು.

ಮರ ಬಂದಾಗ ಅದರ ತವರಿನ ಶತ್ರುಗಳು ಜೊತೆಗೆ ಬರಲಿಲ್ಲ. ಕೆರಿಬಿಯನ್ ದ್ವೀಪಗಳಲ್ಲಿ ದೇವಕಣಗಿಲೆಯ ಎಲೆಯನ್ನೇ ತಿನ್ನುವ ಒಂದು ಕಂಬಳಿಹುಳು ಇದೆ. ಕಪ್ಪು ಮೈ, ಹಳದಿ ಪಟ್ಟೆ, ಕೆಂಪು ತಲೆ, ನಿಮ್ಮ ಅಂಗೈಗಿಂತ ಉದ್ದ. ಹಾಲಿಗೆ ಅದು ಹೆದರುವುದಿಲ್ಲ. ಒಂದೊಂದು ಸಲ ಇಡೀ ಮರವನ್ನು ಬೋಳು ಮಾಡಿಬಿಡುತ್ತದೆ. ನಮ್ಮಲ್ಲಿ ಅದು ಇಲ್ಲ. ಹಾಗಾಗಿ ದೇವಕಣಗಿಲೆ ಇಲ್ಲಿ ಬಹಳ ಕಾಲ ನೆಮ್ಮದಿಯಾಗಿ ಬೆಳೆಯಿತು.

ಆಮೇಲೆ 2008ರಲ್ಲಿ ತಮಿಳುನಾಡಿನ ಕೊಯಮತ್ತೂರಿನ ಪರಂಗಿ ತೋಟಗಳಲ್ಲಿ ಒಂದು ಬಿಳಿ ತಿಗಣೆ ಕಾಣಿಸಿತು. ಅದರ ತವರೂ ಮೆಕ್ಸಿಕೊ. ಹೆಸರು ಪರಂಗಿ ಹಿಟ್ಟು ತಿಗಣೆ. ಹೆಸರಿನಲ್ಲಿ ಪರಂಗಿ ಇದ್ದರೂ ಊಟದಲ್ಲಿ ಭೇದವಿಲ್ಲ: ದಾಸವಾಳ, ಮರಗೆಣಸು, ಹತ್ತಿ, ದೇವಕಣಗಿಲೆ, ಹಿಪ್ಪುನೇರಳೆ. ಎರಡು ವರ್ಷದೊಳಗೆ ಅದು ಕರ್ನಾಟಕದಲ್ಲೂ ಹರಡಿತು.

ಹಿಪ್ಪುನೇರಳೆ ಎಂದಾಗ ನಿಮ್ಮಲ್ಲಿ ರಾಮನಗರ, ಮಂಡ್ಯ, ಕೋಲಾರದ ಕಡೆಯವರಿಗೆ ಗಾಬರಿಯಾಗಿರಬೇಕು. ಅದು ರೇಷ್ಮೆಹುಳುವಿನ ಊಟ. ತಿಗಣೆ ಹತ್ತಿದ ಸೊಪ್ಪಿಗೆ ವಿಷದ ಔಷಧಿ ಹೊಡೆದರೆ ತಿಗಣೆಯ ಜೊತೆಗೆ ಆ ಸೊಪ್ಪು ತಿಂದ ರೇಷ್ಮೆಹುಳುವೂ ಸಾಯುತ್ತದೆ. ಹೊಡೆಯದಿದ್ದರೆ ಸೊಪ್ಪೇ ಇಲ್ಲ. ರೈತರು ಬೇರೆ ದಾರಿ ಕಾಣದೆ ಗಿಡವನ್ನೇ ಕಿತ್ತದ್ದೂ ಉಂಟು.

ಆಗ ವಿಜ್ಞಾನಿಗಳು ಒಂದು ಪ್ರಶ್ನೆ ಕೇಳಿಕೊಂಡರು. ಮೆಕ್ಸಿಕೊದಲ್ಲಿ ಈ ತಿಗಣೆ ಯಾಕೆ ಇಷ್ಟು ಕಾಟ ಕೊಡುವುದಿಲ್ಲ? ಯಾಕೆಂದರೆ ಅಲ್ಲಿ ಅದನ್ನು ಹಿಡಿತದಲ್ಲಿಡುವ ಕಣಜಗಳಿವೆ. ಕಣಜ ಎಂದ ಕೂಡಲೇ ಚುಚ್ಚುವ ಕಡಜವನ್ನು ನೆನೆಸಿಕೊಂಡು ಹೆದರಬೇಡಿ. ಅಸೆರೋಫೇಗಸ್ ಪಪಾಯೆ ಎಂಬ ಈ ಕಣಜ ಒಂದು ಮಿಲಿಮೀಟರಿಗಿಂತ ಚಿಕ್ಕದು, ಈ ಪುಟದಲ್ಲಿರುವ ಪೂರ್ಣವಿರಾಮದಷ್ಟು. ನಮ್ಮನ್ನು ಚುಚ್ಚುವ ಶಕ್ತಿಯೇ ಅದಕ್ಕಿಲ್ಲ. ಹೆಣ್ಣು ಕಣಜ ಎಳೆಯ ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ. ಮರಿ ಒಳಗಿನಿಂದಲೇ ತಿಗಣೆಯನ್ನು ತಿಂದು ಬೆಳೆಯುತ್ತದೆ. ತಿಗಣೆ ಉಬ್ಬಿ, ಗಟ್ಟಿಯಾಗಿ, ಖಾಲಿ ಡಬ್ಬಿಯಂತಾಗುತ್ತದೆ. ಎರಡು ವಾರದ ಸುಮಾರಿಗೆ ಆ ಡಬ್ಬಿಗೆ ತೂತು ಕೊರೆದು ಹೊಸ ಕಣಜ ಹೊರಬರುತ್ತದೆ.

2010ರಲ್ಲಿ ಈ ಕಣಜವನ್ನು, ಇನ್ನೆರಡು ಜಾತಿಯ ಕಣಜಗಳ ಜೊತೆಗೆ, ಪೋರ್ಟೊ ರಿಕೊ ದ್ವೀಪದಿಂದ ಬೆಂಗಳೂರಿಗೆ ತರಿಸಿದರು. ಹೆಬ್ಬಾಳದಲ್ಲಿರುವ ಕೃಷಿ ಕೀಟಗಳ ರಾಷ್ಟ್ರೀಯ ಬ್ಯೂರೋದಲ್ಲಿ ಅವು ಬೇರೆ ಯಾವ ಒಳ್ಳೆಯ ಹುಳುವಿಗೂ ತೊಂದರೆ ಕೊಡುವುದಿಲ್ಲ ಎಂದು ಪರೀಕ್ಷಿಸಿ, ಸಾಕಿ, ಸಂಖ್ಯೆ ಹೆಚ್ಚಿಸಿ ತೋಟಗಳಿಗೆ ಬಿಟ್ಟರು. ಕೆಲವೇ ತಿಂಗಳಲ್ಲಿ ಬೆಳ್ಳಗೆ ಮುಚ್ಚಿಹೋಗಿದ್ದ ಗಿಡಗಳು ಹಸಿರಾಗತೊಡಗಿದವು. ಈಗ ಅವು ನಮ್ಮ ಹೊಲ ಹಿತ್ತಲುಗಳಲ್ಲೇ ನೆಲೆಸಿವೆ. ಪೂರ್ಣವಿರಾಮದಷ್ಟು ಜೀವ ರೇಷ್ಮೆಯನ್ನು ಉಳಿಸಿದ ಈ ಕಥೆಯನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ.

“ನಮ್ಮ ಮರದಲ್ಲೂ ಇರಬಹುದಾ?” ಪುಟ್ಟಿಯ ಪ್ರಶ್ನೆ.

ಒಂದು ಗಾಜಿನ ಸೀಸೆ ತೆಗೆದುಕೊಂಡೆವು. ತಿಗಣೆ ಹತ್ತಿದ ಎಲೆಯೊಂದನ್ನು ನಾನು ಕತ್ತರಿಸಿ ಹಾಲು ಒರೆಸಿ ಅದರೊಳಗಿಟ್ಟೆ. ಬಾಯಿಗೆ ತೆಳುವಾದ ಬಟ್ಟೆ ಕಟ್ಟಿ ಅಡುಗೆಮನೆಯ ಕಿಟಕಿಯಲ್ಲಿ, ಬಿಸಿಲು ನೇರವಾಗಿ ಬೀಳದ ಕಡೆ ಇಟ್ಟೆವು. ಹನ್ನೊಂದನೆಯ ದಿನ ಬೆಳಗ್ಗೆ ಬಟ್ಟೆಯ ಒಳಮೈಯಲ್ಲಿ ಏನೋ ಚುಕ್ಕೆಗಳು. ಊದಿದರೆ ಚುಕ್ಕೆಗಳು ನಡೆದವು. ಪುಟ್ಟಿ ಎಣಿಸಿದಳು, ಏಳು. ಸೀಸೆಯನ್ನು ಮರದ ಕೆಳಗೆ ಒಯ್ದು ಬಟ್ಟೆ ಬಿಚ್ಚಿದೆವು. ನೀವೂ ಮಾಡಿ ನೋಡಿ. ಬರಬಹುದು, ಬಾರದೆಯೂ ಇರಬಹುದು. ಬಾರದಿದ್ದರೆ ಎರಡು ವಾರ ಬಿಟ್ಟು ಇನ್ನೊಂದು ಎಲೆ.

ಆ ಮರದಲ್ಲಿ ಇನ್ನೂ ಇಬ್ಬರು ಸ್ನೇಹಿತರು ಸಿಕ್ಕರು. ಇಬ್ಬರೂ ವೇಷಧಾರಿಗಳು.

ಮೊದಲನೆಯದು ಹಿಟ್ಟು ತಿಗಣೆಯಂತೆಯೇ ಬಿಳಿ ಮೇಣದ ಎಳೆಗಳನ್ನು ಹೊದ್ದ ಹುಳು. “ಇದು ದೊಡ್ಡ ತಿಗಣೆ, ಹೊಸಕಿ ಹಾಕಲಾ?” ಎಂದು ಪುಟ್ಟಿ ಕಡ್ಡಿ ಎತ್ತಿದ್ದಳು. “ತಡಿ, ಅದು ನಡೆಯೋದನ್ನ ನೋಡು” ಎಂದೆ. ತಿಗಣೆ ಕೂತಲ್ಲೇ ಕೂರುವ ಪ್ರಾಣಿ. ಇದು ಸರಸರನೆ ಓಡಾಡುತ್ತಿತ್ತು, ತಿಗಣೆಯ ಹಲವು ಪಟ್ಟು ದೊಡ್ಡದಿತ್ತು. ಅದು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. ಹಿಟ್ಟು ತಿಗಣೆಯ ಮೊಟ್ಟೆ ಮರಿಗಳೇ ಅದರ ಊಟ. ಆಸ್ಟ್ರೇಲಿಯದ ಈ ಹುಳುವನ್ನು 1898ರಲ್ಲೇ ನಮ್ಮ ದೇಶಕ್ಕೆ ತಂದಿದ್ದರು. ಬೆಳೆದ ಮೇಲೆ ಕಪ್ಪು ರೆಕ್ಕೆ, ಕೇಸರಿ ತಲೆಯ ಪುಟ್ಟ ಜೀರುಂಡೆ.

ಎರಡನೆಯದನ್ನು ನೋಡಿ ಪುಟ್ಟಿ ನಿಜವಾಗಿಯೂ ಎರಡು ಹೆಜ್ಜೆ ಹಿಂದೆ ಹೋದಳು. ಎಲೆಯ ಮೇಲೆ ಅಕ್ಕಿಕಾಳಿನಷ್ಟು ದೊಡ್ಡದಾದ ಒಂದು ಕೋತಿಯ ಮುಖ. ಕಣ್ಣು, ಮೂಗು, ಉಬ್ಬಿದ ಕೆನ್ನೆ ಎಲ್ಲ ಇತ್ತು. ಅದು ಒಂದು ಚಿಟ್ಟೆಯ ಪೊರೆಹುಳು, ಅಂದರೆ ಕೋಶದ ಹಂತ. ಏಪ್‌ಫ್ಲೈ ಎಂದು ಹೆಸರಿರುವ ಈ ಬೂದುಕಂದು ಚಿಟ್ಟೆಯ ಮರಿ ಎಲೆ ತಿನ್ನುವುದಿಲ್ಲ, ಹಿಟ್ಟು ತಿಗಣೆ ತಿನ್ನುತ್ತದೆ. ಮಾಂಸಾಹಾರಿ ಚಿಟ್ಟೆಮರಿಗಳು ಜಗತ್ತಿನಲ್ಲೇ ಬಲು ಅಪರೂಪ. ತಿಗಣೆಯ ಬಿಳಿ ಪುಡಿಯನ್ನೇ ಮೈಗೆ ಮೆತ್ತಿಕೊಂಡು ಇರುವೆಗಳ ನಡುವೆಯೇ ಕೂತು ತಿನ್ನುತ್ತದೆ, ಕಾವಲಿನ ಇರುವೆಗಳಿಗೆ ಗೊತ್ತೇ ಆಗುವುದಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞರು ಈ ಚಿಟ್ಟೆಯನ್ನು ವರ್ಷಗಟ್ಟಲೆ ಸಾಕಿ ಅಧ್ಯಯನ ಮಾಡಿದ್ದಾರೆ. ನಿಮ್ಮ ಹಿತ್ತಿಲಲ್ಲೂ ಸಿಗುತ್ತದೆ. ದಾಸವಾಳದಲ್ಲಿ ಬಿಳಿ ಹಿಟ್ಟು ಕಂಡರೆ ಕೋತಿಮುಖ ಹುಡುಕಿ.

ಅವತ್ತು ಬೆನ್ನಿಗೆ ಪಂಪು ಏರಿಸಿ ವಿಷ ಹೊಡೆದಿದ್ದರೆ ಈ ಏಳು ಕಣಜ, ವೇಷದ ಗುಲಗಂಜಿ, ಕೋತಿಮುಖ ಎಲ್ಲವೂ ತಿಗಣೆಯ ಜೊತೆಗೇ ಹೋಗುತ್ತಿದ್ದವು. ಮೇಣದ ಚೀಲದೊಳಗಿನ ಮೊಟ್ಟೆಗಳಿಗೆ ಮಾತ್ರ ಔಷಧಿ ಸರಿಯಾಗಿ ತಾಗುವುದಿಲ್ಲ. ಹದಿನೈದು ದಿನ ಬಿಟ್ಟು ನೋಡಿದರೆ ಮರದಲ್ಲಿ ತಿಗಣೆ ಇರುತ್ತಿತ್ತು, ಅದನ್ನು ತಿನ್ನುವವರು ಇರುತ್ತಿರಲಿಲ್ಲ.

ಹಾಗೆಂದು ಕೈಕಟ್ಟಿ ಕೂರಲಿಲ್ಲ. ಸ್ನೇಹಿತರು ಕಾಣದ ಕೊಂಬೆಗಳನ್ನು ಪೈಪಿನ ನೀರಿನಿಂದ ರಭಸವಾಗಿ ತೊಳೆದೆವು. ಬಿದ್ದ ತಿಗಣೆಗೆ ಮತ್ತೆ ಅಷ್ಟೆತ್ತರ ಹತ್ತುವುದು ಸುಲಭವಲ್ಲ. ತೀರ ಮುದುರಿದ ಎರಡು ತುದಿಗಳನ್ನು ನಾನು ಕತ್ತರಿಸಿ ಚೀಲದಲ್ಲಿ ಕಟ್ಟಿ ಹಾಕಿದೆ. ಇರುವೆ ಹತ್ತದಂತೆ ಕಾಂಡಕ್ಕೆ ಒಂದು ಸುತ್ತು ಪ್ಲಾಸ್ಟಿಕ್ ಹಾಳೆ ಕಟ್ಟಿ, ಅದರ ಮೇಲೆ ಗ್ರೀಸು ಸವರಿದೆವು. ಗ್ರೀಸನ್ನು ತೊಗಟೆಗೆ ನೇರವಾಗಿ ಬಳಿಯಬಾರದು. ಇರುವೆ ನಿಂತರೆ ಅರ್ಧ ಕೆಲಸ ಮುಗಿಯಿತು. ಇನ್ನೂ ಉಳಿದ ಒಂದು ಕೊಂಬೆಗೆ ಮಾತ್ರ, ಸಂಜೆ ಬಿಸಿಲಿಳಿದ ಮೇಲೆ, ಲೀಟರು ನೀರಿಗೆ 5 ಮಿಲಿಲೀಟರು ಬೇವಿನೆಣ್ಣೆ ಮತ್ತು ಎಣ್ಣೆ ನೀರಲ್ಲಿ ಬೆರೆಯಲು ಕೆಲವು ಹನಿ ಸೋಪಿನ ದ್ರವ ಹಾಕಿ ಕಲಕಿ, ಎಲೆಯ ಬೆನ್ನಿಗೆ ಸಿಂಪಡಿಸಿದೆ. ಅದನ್ನೂ ಹಿಂದಿನ ದಿನ ಒಂದೇ ಎಲೆಗೆ ಹಾಕಿ, ಸುಟ್ಟಿಲ್ಲ ಎಂದು ನೋಡಿಕೊಂಡ ಮೇಲೆ.

ಬಿಳಿ ಹಿಟ್ಟಿನ ಬದಲು ಎಲೆಯ ಬೆನ್ನಲ್ಲಿ ಬೆರಳಗುರುತಿನಂತೆ ಸುರುಳಿ ಸುರುಳಿಯಾದ ಬಿಳಿ ಗೆರೆ ಕಂಡರೆ ಅದು ಸುರುಳಿ ಬಿಳಿನೊಣದ ಮೊಟ್ಟೆಯಿಟ್ಟ ದಾರಿ. ಕಡು ಬೇಸಿಗೆಯಲ್ಲಿ ಎಲೆ ಸೂಜಿ ಚುಚ್ಚಿದಂತೆ ಮಂಕಾಗಿ, ಬೆನ್ನಲ್ಲಿ ತೆಳುವಾದ ಬಲೆಯಿದ್ದರೆ ನುಸಿ. ಎರಡಕ್ಕೂ ಮೊದಲ ಮದ್ದು ಅದೇ ಪೈಪಿನ ನೀರು.

ಸಂಜೆಯಾದಾಗ ಮರದ ವಾಸನೆ ಬೇರೆಯಾಗುತ್ತಿತ್ತು. ಹಗಲಿನಲ್ಲಿ ಸಣ್ಣಗಿದ್ದ ಪರಿಮಳ ಕತ್ತಲಾದಂತೆ ಜಗಲಿಯವರೆಗೆ ಬರುತ್ತಿತ್ತು. ಪುಟ್ಟಿ ಜಗಲಿಯಲ್ಲಿ ಮಲಗಿ ಕೇಳಿದಳು, ರಾತ್ರಿ ಯಾರಿಗೋಸ್ಕರ ಈ ವಾಸನೆ ಅಂತ. ಪತಂಗಗಳಿಗೋಸ್ಕರ. ಉದ್ದ ನಾಲಗೆಯ ಹಾಕ್‌ಮಾತ್ ಎಂಬ ಪತಂಗಗಳು ಪರಿಮಳ ಹಿಡಿದು ಬರುತ್ತವೆ, ಹೂವಿನ ಕೊಳವೆಯೊಳಗೆ ನಾಲಗೆ ಇಳಿಸುತ್ತವೆ. ಒಳಗೆ ಒಂದು ಹನಿ ಮಕರಂದವೂ ಇಲ್ಲ! ಮೋಸಹೋದ ಪತಂಗ ಮುಂದಿನ ಹೂವಿನಲ್ಲಾದರೂ ಸಿಕ್ಕೀತೆಂದು ಹೋಗುತ್ತದೆ, ಹೋಗುವಾಗ ಪರಾಗ ಒಯ್ಯುತ್ತದೆ. ನಮ್ಮ ಮರಗಳಲ್ಲಿ ಕಾಯಿ ಕಟ್ಟುವುದು ಅಪರೂಪ. ಕಟ್ಟಿದರೆ ಜೋಡಿ ಕೊಂಬಿನಂಥ ಎರಡು ಕಾಯಿ, ಒಳಗೆ ರೆಕ್ಕೆಯಿರುವ ಬೀಜಗಳು.

ಪುಟ್ಟಿ ಮತ್ತೆ ಬಂದದ್ದು ದಸರಾ ರಜೆಗೆ. ಆ ವರ್ಷ ಮಳೆ ಬಿಡದೆ ಹಿಡಿದಿತ್ತು. ಬಂದವಳು ಚೀಲ ಇಳಿಸಿ ನೇರವಾಗಿ ಮರದ ಹತ್ತಿರ ಹೋಗಿ ಎಲೆ ತಿರುಗಿಸಿದಳು. ವಾಪಸ್ಸು ಬಂದಾಗ ಅವಳ ಬೆರಳ ತುದಿಯೆಲ್ಲ ಕಿತ್ತಳೆ ಬಣ್ಣ.

“ಇದಕ್ಕೆ ಕಾಲಿಲ್ಲ ದೊಡ್ಡಮ್ಮ, ಭೂತಕನ್ನಡೀಲೂ ನೋಡಿದೆ. ಪುಡಿ ಅಷ್ಟೇ.”

ಅದು ತುಕ್ಕು ರೋಗ. ಕಬ್ಬಿಣದ ತುಕ್ಕಿಗೂ ಇದಕ್ಕೂ ಬಣ್ಣವೊಂದೇ ಸಂಬಂಧ. ಇದು ಒಂದು ಶಿಲೀಂಧ್ರ, ಅಣಬೆಯ ದೂರದ ನೆಂಟ. ಎಲೆಯ ಬೆನ್ನಲ್ಲಿ ಸಣ್ಣ ಗುಳ್ಳೆಗಳಾಗಿ ಒಡೆಯುತ್ತದೆ, ಎದೆಯ ಕಡೆ ಹಳದಿ ಚುಕ್ಕೆ ಕಾಣುತ್ತದೆ. ಕಿತ್ತಳೆ ಪುಡಿಯ ಒಂದೊಂದು ಕಣವೂ ಒಂದು ಬೀಜದ ಹಾಗೆ. ಗಾಳಿಯಲ್ಲಿ ತೇಲಿ ಇನ್ನೊಂದು ಎಲೆಯ ಮೇಲೆ ಕೂತು, ಎಲೆ ಒದ್ದೆಯಾಗಿದ್ದರೆ ಮಾತ್ರ ಮೊಳಕೆಯೊಡೆದು ಒಳಗೆ ಇಳಿಯುತ್ತದೆ. ಮಳೆಗಾಲದಲ್ಲಿ ಇದರ ಹಾವಳಿ ಹೆಚ್ಚುವುದು ಅದಕ್ಕೇ. ದೇವಕಣಗಿಲೆಯ ತುಕ್ಕು ಪಕ್ಕದ ಗುಲಾಬಿಗೆ ಹತ್ತುವುದಿಲ್ಲ. ಒಂದೊಂದು ತುಕ್ಕಿಗೂ ತನ್ನದೇ ಗಿಡ.

ಇದರಿಂದ ಮರ ಸಾಯುವುದಿಲ್ಲ, ಎಲೆಗಳು ಬೇಗ ಉದುರುತ್ತವೆ ಅಷ್ಟೆ. ಪುಟ್ಟಿಯೂ ನಾನೂ ಹೆಚ್ಚು ತುಕ್ಕು ಹಿಡಿದ ಎಲೆಗಳನ್ನು ತೆಗೆದೆವು. ನೆಲಕ್ಕೆ ಬಿದ್ದವನ್ನೂ ಗುಡಿಸಿದೆವು, ಏಕೆಂದರೆ ಪುಡಿ ಅಲ್ಲಿಂದಲೂ ಹಾರುತ್ತದೆ. ಗೊಬ್ಬರದ ಗುಂಡಿಗೆ ಹಾಕಲಿಲ್ಲ, ದೂರದಲ್ಲಿ ಹಳ್ಳ ತೋಡಿ ಮುಚ್ಚಿದೆವು. ಗಾಳಿ ಬೆಳಕು ಆಡಲೆಂದು ಮರಕ್ಕೆ ಒತ್ತಿಕೊಂಡು ಬೆಳೆದಿದ್ದ ಕ್ರೋಟನ್ ಗಿಡವನ್ನು ಸವರಿದೆ. ನೀರು ಹಾಕುವಾಗ ಬುಡಕ್ಕೆ ಮಾತ್ರ, ಅದೂ ಬೆಳಗ್ಗೆ. ಬೇಸಿಗೆಯಲ್ಲಿ ತಿಗಣೆಗೆ ಎಲೆ ತೊಳೆಯುವುದೇ ಮದ್ದಾಗಿತ್ತು, ಮಳೆಗಾಲದಲ್ಲಿ ಅದೇ ತುಕ್ಕಿಗೆ ಹಬ್ಬ. ಯಾರು ಬಂದಿದ್ದಾರೆಂದು ತಿಳಿಯದೆ ಮದ್ದು ಮಾಡಿದರೆ ಹೀಗೆ ತಲೆಕೆಳಗಾಗುತ್ತದೆ.

ಕೆಲವೊಮ್ಮೆ ಆ ಕಿತ್ತಳೆ ಪುಡಿಯ ನಡುವೆ ಪುಡಿಯದೇ ಬಣ್ಣದ ಪುಟಾಣಿ ಹುಳು ತೆವಳುವುದು ಕಾಣುತ್ತದೆ. ಮೈಕೋಡಿಪ್ಲೋಸಿಸ್ ಎಂಬ ಸಣ್ಣ ನೊಣದ ಮರಿ ಅದು. ತುಕ್ಕಿನ ಪುಡಿಯನ್ನೇ ತಿಂದು ಬೆಳೆಯುತ್ತದೆ. ತುಕ್ಕನ್ನೂ ತಿನ್ನುವವರಿದ್ದಾರೆ ಎಂದರೆ ಪುಟ್ಟಿ ಮೊದಲು ನಂಬಲಿಲ್ಲ.

ಮಳೆಗಾಲದ ದೊಡ್ಡ ಅಪಾಯ ತುಕ್ಕಲ್ಲ, ಕೊಳೆ. ಕುಂಡದಲ್ಲಿ ನೆಟ್ಟ ನನ್ನ ಇನ್ನೊಂದು ಗಿಡ, ಕೆಂಪು ಹೂವಿನದು, ಹಾಗೇ ಹೋಯಿತು. ಕುಂಡದ ತೂತು ಮುಚ್ಚಿದ್ದನ್ನು ನಾನು ನೋಡಿರಲಿಲ್ಲ. ದಪ್ಪ ಕೊಂಬೆಯೊಳಗೆ ನೀರು ಕೂಡಿಟ್ಟುಕೊಳ್ಳುವ ಗಿಡ ಇದು, ಬಾಯಾರಿಕೆ ತಡೆಯುತ್ತದೆ, ಕೆಸರು ತಡೆಯುವುದಿಲ್ಲ. ಕಾಂಡವನ್ನು ಮೆಲ್ಲಗೆ ಒತ್ತಿ ನೋಡಬೇಕು. ಕಲ್ಲಿನಂತಿದ್ದರೆ ಸರಿ, ಮಾಗಿದ ಬಾಳೆಹಣ್ಣಿನಂತೆ ಒಳಗೆ ಹೋದರೆ ಕೊಳೆ ಹತ್ತಿದೆ. ಬೇಗ ಕಂಡುಹಿಡಿದರೆ, ಕೊಳೆತದ್ದನ್ನು ಕತ್ತರಿಸುತ್ತಾ ಒಳಗಿನ ತಿರುಳು ಶುಭ್ರ ಬಿಳಿಯಾಗಿ ಹಾಲು ಸುರಿಯುವ ಜಾಗದವರೆಗೆ ಹೋಗಿ, ಮೇಲಿನ ತುಂಡನ್ನು ಒಣಗಿಸಿ ಮತ್ತೆ ನೆಟ್ಟು ಉಳಿಸಬಹುದು. ನಾನು ತಡವಾಗಿ ಒತ್ತಿ ನೋಡಿದೆ. ಈಗಲೂ ಆ ಖಾಲಿ ಕುಂಡ ಕಂಡಾಗ ಮನಸ್ಸು ಚುರುಕ್ಕೆನ್ನುತ್ತದೆ.

ಜನವರಿಯಲ್ಲಿ ಪುಟ್ಟಿಯ ಫೋನು ಬಂತು. “ದೊಡ್ಡಮ್ಮ, ನಮ್ಮೂರಿನ ಗುಡಿಯ ಮರ ಸತ್ತೇಹೋಯ್ತು. ಒಂದು ಎಲೆನೂ ಇಲ್ಲ. ಹಿಟ್ಟೂ ಇಲ್ಲ, ತುಕ್ಕೂ ಇಲ್ಲ.”

“ಕೊಂಬೆ ಒತ್ತಿ ನೋಡಿದೆಯಾ?”

“ಗಟ್ಟಿಯಾಗಿದೆ.”

ಹಾಗಾದರೆ ನಿದ್ದೆ. ತಂಪಿನ ಒಣಹವೆಯಲ್ಲಿ ಎಲೆಯ ಮೂಲಕ ನೀರು ಕಳೆದುಕೊಳ್ಳುವ ಬದಲು ಎಲೆಯನ್ನೇ ಬಿಟ್ಟುಬಿಡುತ್ತದೆ ಈ ಮರ. ಹಂಪಿಗೆ ಹೋದವರು ವಿಜಯ ವಿಠ್ಠಲ ದೇವಸ್ಥಾನದ ಅಂಗಳದಲ್ಲಿ ಹಳೆಯ ದೇವಕಣಗಿಲೆಯೊಂದನ್ನು ನೋಡಿರುತ್ತೀರಿ. ಚಳಿಗಾಲದಲ್ಲಿ ಹೋದರೆ ಬರಿಯ ಬೂದು ಕೊಂಬೆಗಳು, ಕಲ್ಲುಮಂಟಪದ ಮುಂದೆ ಅದೂ ಕಲ್ಲಿನಲ್ಲೇ ಕಡೆದಂತೆ. ಈ ನಿದ್ದೆಯ ಕಾಲದಲ್ಲಿ ಪ್ರೀತಿಯಿಂದ ನೀರು ಗೊಬ್ಬರ ಸುರಿದು ಗಿಡವನ್ನು ಕೊಳೆಸುವವರು ಬಹಳ. ಕುಂಡದ ಗಿಡವಾದರೆ ಅಪರೂಪಕ್ಕೊಮ್ಮೆ ಸ್ವಲ್ಪ ನೀರು ಸಾಕು. ತುದಿಯಲ್ಲಿ ಹಸಿರು ಮೂತಿ ಕಂಡ ಮೇಲೆ ಒಂದೆರಡು ಬೊಗಸೆ ಕೊಟ್ಟಿಗೆ ಗೊಬ್ಬರ, ದಿನಕ್ಕೆ ಆರು ತಾಸಾದರೂ ಬಿಸಿಲು.

ಮುಂದಿನ ಬೇಸಿಗೆಗೆ ಬಂದಾಗ ಪುಟ್ಟಿಗೆ ತನ್ನದೇ ಮರ ಬೇಕೆನಿಸಿತು. ಯಾವ ಕೊಂಬೆ ಕೊಡಲಿ ಎಂದು ಇಬ್ಬರೂ ಮರದ ಕೆಳಗೆ ಕೂತು ನೋಡಿದೆವು. ದೇವಕಣಗಿಲೆಯ ಕೊಂಬೆ ತುದಿಯಲ್ಲಿ ಹೂ ಬಿಟ್ಟ ಮೇಲೆ ಅಲ್ಲಿಂದ ನೇರ ಮುಂದಕ್ಕೆ ಬೆಳೆಯುವುದಿಲ್ಲ. ಗೊಂಚಲಿನ ಕೆಳಗಿನಿಂದ ಎರಡೋ ಮೂರೋ ಹೊಸ ಕೊಂಬೆಗಳು ಕವಲೊಡೆಯುತ್ತವೆ. ಅಂದರೆ ಒಂದೊಂದು ಕವಲೂ, ಯಾರೂ ಕತ್ತರಿಸದಿದ್ದರೆ, ಒಂದೊಂದು ಸಲ ಹೂಬಿಟ್ಟ ಗುರುತು. ಪುಟ್ಟಿ ಬುಡದಿಂದ ತುದಿಯವರೆಗೆ ಬೆರಳಿಟ್ಟು ಎಣಿಸುತ್ತಾ ಹೋದಳು. ಹನ್ನೆರಡು ಕವಲು. “ಇದು ನಾನು ಹುಟ್ಟುವ ಮೊದಲಿನ ಹೂವು” ಎಂದು ಎದೆಮಟ್ಟದ ಒಂದು ಕವಲನ್ನು ತೋರಿಸಿದಳು. ಇದ್ದರೂ ಇರಬಹುದು.

ಒಂದು ಮೊಳದಷ್ಟು ಉದ್ದದ, ಹಸಿರು ಹೋಗಿ ಬೂದುಬಣ್ಣಕ್ಕೆ ತಿರುಗಿದ ಕೊಂಬೆ ಕತ್ತರಿಸಿದೆ. ಹಾಲು ಸುರಿದು ನಿಲ್ಲುವವರೆಗೆ ಕಾದು, ಎಲೆಗಳನ್ನೆಲ್ಲ ತೆಗೆದು, ದಿನಪತ್ರಿಕೆಯಲ್ಲಿ ಸುತ್ತಿಕೊಟ್ಟೆ. ಮನೆಗೆ ಹೋದ ಕೂಡಲೇ ನೆಡಬೇಡ, ನೆರಳಿನಲ್ಲಿ ಹತ್ತು ಹದಿನೈದು ದಿನ ಒಣಗಲು ಬಿಡು, ಕತ್ತರಿಸಿದ ಬಾಯಿ ಗಟ್ಟಿಯಾಗಿ ಮುಚ್ಚಿಕೊಳ್ಳಲಿ, ಇಲ್ಲದಿದ್ದರೆ ಅಲ್ಲಿಂದಲೇ ಕೊಳೆ ಹತ್ತುತ್ತದೆ ಎಂದೆ. ಅರ್ಧ ಮರಳು ಬೆರೆಸಿದ ಮಣ್ಣು, ಒಂದು ಗೇಣಿಗಿಂತ ಕಡಿಮೆ ಆಳ, ಅಲ್ಲಾಡದಂತೆ ಪಕ್ಕಕ್ಕೊಂದು ಕೋಲು. ಬೇರು ಬಂದಿದೆಯೇ ಎಂದು ಕಿತ್ತು ನೋಡುವ ಆಸೆಯಾಗುತ್ತದೆ, ಕೀಳಬಾರದು. ಬಸ್ಸಿನಲ್ಲಿ ಅವಳು ಅದನ್ನು ಮಡಿಲಲ್ಲೇ ಇಟ್ಟುಕೊಂಡು ಹೋದಳು.

ಜುಲೈ ಮೊದಲ ವಾರ ಫೋನು.

“ದೊಡ್ಡಮ್ಮಾ, ಎರಡು ಎಲೆ ಬಂದಿದೆ. ನನ್ನ ಹೆಬ್ಬೆರಳಿನಷ್ಟು.”

“ತಿರುಗಿಸಿ ನೋಡಿದೆಯಾ?”

“ಆಗಲೇ ನೋಡಿದೆ. ಹಿಟ್ಟಿಲ್ಲ, ತುಕ್ಕಿಲ್ಲ.” ಸ್ವಲ್ಪ ಹೊತ್ತು ಸುಮ್ಮನಿದ್ದಳು, ಮತ್ತೆ ಬಗ್ಗಿ ನೋಡುತ್ತಿದ್ದಳೆಂದು ಕಾಣುತ್ತದೆ. “ಒಂದು ಇರುವೆ ಇದೆ. ಯಾಕೆ ಬಂದಿದೆ ಅಂತ ನೋಡಿ ಹೇಳ್ತೀನಿ, ಫೋನ್ ಇಡು.”